ಜಪಾನಿ ಭಾಷೆಯ ಕಲಿಕೆಗೆ ಅಂಗೈ ಕಂಪ್ಯೂಟರು: ಮರೆವಿಗೂ ಒಂದು ಬಾಕಿ ಪುಸ್ತಕ

ನಮ್ಮ ರಾಜ್ಯದ ಸಣ್ಣ ಕೈಗಾರಿಕೆಗಳ ಪಾಲಿಗೆ ಜಪಾನ್ ಎಂಬುದು ಇಂದು ಕೇವಲ ಭೂಪಟದ ಮೇಲಿನ ದೇಶವಾಗಿ ಉಳಿದಿಲ್ಲ. 1997ರಲ್ಲಿ ಸ್ಥಾಪನೆಗೊಂಡ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆ ಬಿಡದಿಯಲ್ಲಿ ನೆಲೆಯೂರಿತು. 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾಯಿತು. 2011ರ ಆಗಸ್ಟ್ 1ರಿಂದ ಭಾರತ–ಜಪಾನ್ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದವೂ ಜಾರಿಯಲ್ಲಿದೆ. ಬಿಡಿಭಾಗ, ಅಚ್ಚು, ಫಿಕ್ಸ್ಚರು, ಪ್ಯಾಕಿಂಗ್ ಸಾಮಗ್ರಿ ಒದಗಿಸುವ ನಮ್ಮ ಅನೇಕ ಸದಸ್ಯರು ನೇರವಾಗಿಯೋ ಎರಡನೆಯ, ಮೂರನೆಯ ಹಂತದಲ್ಲಿಯೋ ಜಪಾನಿ ಗ್ರಾಹಕರೊಡನೆ ವ್ಯವಹರಿಸುತ್ತಿದ್ದಾರೆ.

ಈ ವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ ಎಂಬುದು ನಿಜ. ಆದರೆ ನಕ್ಷೆಯ ಮೂಲೆಯಲ್ಲಿ ಬರೆದ ಟಿಪ್ಪಣಿ, ಹಳೆಯ ಯಂತ್ರದ ಕೈಪಿಡಿ, ಪರಿಶೀಲನಾ ಪಟ್ಟಿಯ ತಲೆಬರಹ ಇವು ಜಪಾನಿಯಲ್ಲಿಯೇ ಉಳಿದಿರುವುದುಂಟು. ನನಗೆ ಪರಿಚಿತವಾದ ಒಂದು ಟರ್ನಿಂಗ್ ಘಟಕದ ಲೆಕ್ಕ ಪರಿಶೋಧನೆಯ ಕಾಲದಲ್ಲಿ ಒಂದೇ ಬಿಡಿಭಾಗಕ್ಕೆ ಸಂಬಂಧಿಸಿದ ಡೆಬಿಟ್ ನೋಟುಗಳು ಸಾಲಾಗಿ ಕಂಡುಬಂದವು. ವಿಚಾರಿಸಲಾಗಿ, ನಕ್ಷೆಯ ಕೆಳಗೆ ‘ಬರಿ ನಕಿ ಕೊತೊ’ ಎಂಬ ಟಿಪ್ಪಣಿಯಿತ್ತು. ಅಂಚಿನಲ್ಲಿ ಬರ್ ಉಳಿಯಕೂಡದು ಎಂದು ಅದರ ಅರ್ಥ. ಇಂಗ್ಲಿಷಿಗೆ ತರ್ಜುಮೆಯಾದ ಪ್ರತಿಯಲ್ಲಿ ಆ ಸಾಲು ಬಿಟ್ಟುಹೋಗಿತ್ತು. ವಿಶೇಷವೆಂದರೆ, ಅದೇ ಘಟಕದ ಮೇಲ್ವಿಚಾರಕರೊಬ್ಬರು ಹಿಂದಿನ ವರ್ಷವಷ್ಟೇ ಮಾಲೀಕರ ಖರ್ಚಿನಲ್ಲಿ ಜಪಾನಿ ತರಗತಿಗೆ ಹೋಗಿ ಬಂದಿದ್ದರು. ಪ್ರಮಾಣಪತ್ರ ಗೋಡೆಯ ಮೇಲಿತ್ತು, ಭಾಷೆ ಮಾತ್ರ ಆರು ತಿಂಗಳಲ್ಲಿ ಕರಗಿಹೋಗಿತ್ತು.

ಇಂತಹ ಖರ್ಚು ವ್ಯರ್ಥವಾಗದಂತೆ ತಡೆಯಲು ಜೇಬಿನಲ್ಲಿ ಹಿಡಿಯುವ ಕಂಪ್ಯೂಟರಿನಿಂದ ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕನ್ನಡಿಗನಿಗೆ ಭಾರವಾಗುವುದು ಯಾವುದು?

ಜಪಾನಿ ಕಠಿಣ ಭಾಷೆಯೆಂಬ ಮಾತು ಹೆಚ್ಚಾಗಿ ಇಂಗ್ಲಿಷ್ ಮಾತನಾಡುವವರಿಂದ ಬಂದದ್ದು. ‘ವತಶಿ ವ ತೋಕ್ಯೋ ನಿ ಇಕಿಮಸು’ ಎಂಬ ವಾಕ್ಯವನ್ನು ಪದ ಬದಲಿಸಿ ಅದೇ ಕ್ರಮದಲ್ಲಿ ಓದಿದರೆ ‘ನಾನು ಟೋಕಿಯೋಗೆ ಹೋಗುತ್ತೇನೆ’ ಎಂದಾಗುತ್ತದೆ. ನಮ್ಮ ‘ಗೆ’ ಇರುವಲ್ಲಿ ಅವರ ‘ನಿ’, ನಮ್ಮ ‘ಇಂದ’ ಇರುವಲ್ಲಿ ಅವರ ‘ಕರ’, ನಮ್ಮ ‘ವರೆಗೆ’ ಇರುವಲ್ಲಿ ಅವರ ‘ಮದೆ’. ಕ್ರಿಯಾಪದ ಕೊನೆಯಲ್ಲಿ. ಇಂಗ್ಲಿಷಿನ ಮೂಲಕ ಕಲಿಯುವವನು ಪ್ರತಿ ವಾಕ್ಯವನ್ನೂ ತಲೆಕೆಳಗು ಮಾಡಿಕೊಳ್ಳಬೇಕು, ಕನ್ನಡಿಗನಿಗೆ ಆ ಶ್ರಮವಿಲ್ಲ.

ಹ್ರಸ್ವ–ದೀರ್ಘಗಳ ವಿಷಯದಲ್ಲಿಯೂ ಹೀಗೆಯೇ. ‘ಒಜಿಸನ್’ ಎಂದರೆ ಚಿಕ್ಕಪ್ಪ ಅಥವಾ ಮಾವ, ‘ಒಜೀಸನ್’ ಎಂದರೆ ಅಜ್ಜ. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆ ಚೀಟಿ. ಒತ್ತಕ್ಷರ, ದೀರ್ಘಗಳಿಂದ ಅರ್ಥ ಬದಲಾಗುತ್ತದೆ ಎಂಬುದನ್ನು ನಮ್ಮ ಮಕ್ಕಳಿಗೆ ಒಂದನೇ ತರಗತಿಯಲ್ಲೇ ಹೇಳಿಕೊಟ್ಟಿರುತ್ತಾರೆ.

ಹಾಗಾದರೆ ಭಾರವಿರುವುದೆಲ್ಲಿ? ದಾಸ್ತಾನಿನಲ್ಲಿ. ಹಿರಗಾನ ಎಂಬ ಲಿಪಿಯ ಮೂಲಾಕ್ಷರಗಳು 46, ಕತಕಾನ ಎಂಬ ಇನ್ನೊಂದರವು 46. ಅವುಗಳ ಮೇಲೆ ಚೀನೀ ಮೂಲದ ಕಾಂಜಿ ಅಕ್ಷರಗಳು. 2010ರಲ್ಲಿ ಪರಿಷ್ಕರಣೆಗೊಂಡ ಸಾಮಾನ್ಯ ಬಳಕೆಯ ಪಟ್ಟಿಯಲ್ಲಿ ಇವುಗಳ ಸಂಖ್ಯೆ 2136. ಜಪಾನಿನ ಮಗುವೇ ಇವುಗಳ ಪೈಕಿ 1026ನ್ನು ಕಲಿಯಲು ಪ್ರಾಥಮಿಕ ಶಾಲೆಯ ಆರು ವರ್ಷಗಳನ್ನು ತೆಗೆದುಕೊಳ್ಳುತ್ತದೆ. 1984ರಿಂದ ನಡೆಯುತ್ತಿರುವ ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆಯ ಹಳೆಯ ಮಾನದಂಡದಂತೆ ಅತ್ಯಂತ ಕೆಳಗಿನ ಹಂತಕ್ಕೆ ಸುಮಾರು 800 ಪದ, 100 ಕಾಂಜಿ. ಅದರ ಮೇಲಿನದಕ್ಕೆ 1500 ಪದ, 300 ಕಾಂಜಿ. ಅತ್ಯುನ್ನತ ಹಂತಕ್ಕೆ 10,000 ಪದ, 2000 ಕಾಂಜಿ ಬೇಕಾಗುತ್ತಿದ್ದವು. 2010ರಲ್ಲಿ ಪರೀಕ್ಷೆಯನ್ನು ಐದು ಹಂತಗಳಿಗೆ ಬದಲಿಸಿದ ನಂತರ ಅಧಿಕೃತ ಪದಪಟ್ಟಿ ಪ್ರಕಟವಾಗುತ್ತಿಲ್ಲವಾದರೂ ಅಂದಾಜಿಗೆ ಈ ಸಂಖ್ಯೆಗಳೇ ಸಾಕು.

ಆದುದರಿಂದ ಕನ್ನಡಿಗನಿಗೆ ಜಪಾನಿ ಕಲಿಕೆಯು ಮುಖ್ಯವಾಗಿ ನೆನಪಿನ ಪ್ರಶ್ನೆ. ತರಗತಿಯ ಅಧ್ಯಾಪಕರು ವ್ಯಾಕರಣ, ಉಚ್ಚಾರಣೆ, ಸಂಭಾಷಣೆ ಕಲಿಸಬಲ್ಲರು. ಎರಡು ಸಾವಿರ ವಸ್ತುಗಳ ದಾಸ್ತಾನು ಪುಸ್ತಕವನ್ನು ಒಬ್ಬೊಬ್ಬ ವಿದ್ಯಾರ್ಥಿಗೂ ಪ್ರತ್ಯೇಕವಾಗಿ ಇಡುವುದು ಅವರಿಂದಾಗದು. ಅದು ಯಂತ್ರದ ಕೆಲಸ.

ರಟ್ಟಿನ ಚೀಟಿಯಿಂದ ಅಂಗೈಗೆ

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮಿಂಚುಪಟ್ಟಿ ಎಂದು ಕರೆಯುವ ಫ್ಲ್ಯಾಷ್‌ಕಾರ್ಡುಗಳು ಎಲ್ಲರಿಗೂ ತಿಳಿದವೇ. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಇವುಗಳನ್ನು ಯಾವಾಗ ಮತ್ತೆ ನೋಡಬೇಕೆಂಬುದೇ ಇಲ್ಲಿನ ಮುಖ್ಯ ವಿಷಯ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಂಠಪಾಠ ಮಾಡಿ, ಮರೆವಿನ ವೇಗವನ್ನು ಅಳೆದು 1885ರಲ್ಲಿ ಪ್ರಕಟಿಸಿದರು. ಕಲಿತ ಕೂಡಲೇ ಮರೆವು ತೀವ್ರವಾಗಿರುತ್ತದೆ, ಬರಬರುತ್ತಾ ನಿಧಾನವಾಗುತ್ತದೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದನ್ನು ರಟ್ಟಿನ ಪೆಟ್ಟಿಗೆಗೆ ಅಳವಡಿಸಿದರು: ಸರಿಯುತ್ತರ ಬಂದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮೊದಲನೆಯ ಖಾನೆಗೆ. ಪೋಲೆಂಡಿನ ಪಿಯೋತ್ರ್ ವೋಜ್ನಿಯಾಕ್ 1987ರಲ್ಲಿ ಇದನ್ನು ಕಂಪ್ಯೂಟರ್ ಪ್ರೋಗ್ರಾಮಾಗಿ ಮಾಡಿ ‘ಸೂಪರ್‌ಮೆಮೊ’ ಎಂದು ಕರೆದರು. ಜಪಾನಿ ಕಲಿಯುತ್ತಿದ್ದ ಡೇಮಿಯನ್ ಎಲ್ಮ್ಸ್ 2006ರಲ್ಲಿ ‘ಆಂಕಿ’ ಎಂಬ ಉಚಿತ ತಂತ್ರಾಂಶವನ್ನು ಹೊರತಂದರು. ಜಪಾನಿಯಲ್ಲಿ ಆ ಪದಕ್ಕೆ ಕಂಠಪಾಠವೆಂದೇ ಅರ್ಥ.

ಯಂತ್ರದ ಇತಿಹಾಸವೂ ಇದರ ಜೊತೆಗೇ ಸಾಗಿದೆ. 1996ರ ಪಾಮ್ ಪೈಲಟ್, ಶಾರ್ಪ್ ಕಂಪೆನಿಯ ಜೌರಸ್ ಮುಂತಾದ ಅಂಗೈ ಯಂತ್ರಗಳಲ್ಲಿ ಕಲಿಯುವವರು ಕಾರ್ಡುಗಳನ್ನು ತುಂಬಿಕೊಳ್ಳುತ್ತಿದ್ದರು. 2007ರಲ್ಲಿ ಏಸುಸ್ ಕಂಪೆನಿಯ ‘ಈ ಪಿಸಿ 701’ ಬಂದಿತು: ಏಳಂಗುಲದ ಪರದೆ, 4 ಗಿಗಾಬೈಟ್ ಸಂಗ್ರಹ, ಒಂದು ಕಿಲೋಗಿಂತ ಕಡಿಮೆ ತೂಕ. ರೈಲಿನಲ್ಲಿ ತೊಡೆಯ ಮೇಲಿಟ್ಟು ಓದಲು ಅನುಕೂಲವಾದ ಆ ನೆಟ್‌ಬುಕ್ ವರ್ಗವು 2010ರ ನಂತರ ಟ್ಯಾಬ್ಲೆಟ್ಟುಗಳ ಮುಂದೆ ಹಿಂದೆ ಸರಿಯಿತು. ಈಗ ಅದೇ ಕೆಲಸವನ್ನು ಪ್ರತಿಯೊಬ್ಬ ಕಾರ್ಮಿಕನ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನು ಮಾಡುತ್ತದೆ.

ಅಂತರಗಳ ಲೆಕ್ಕ

ವ್ಯಾಪಾರಿಗಳಿಗೆ ಇದನ್ನು ಬಾಕಿ ಪುಸ್ತಕದ ಹೋಲಿಕೆಯಿಂದ ಸುಲಭವಾಗಿ ತಿಳಿಸಬಹುದು. ಪ್ರತಿ ಗ್ರಾಹಕನ ಮನೆಗೂ ದಿನಾಲೂ ವಸೂಲಿಗೆ ಹೋಗುವವರುಂಟೆ? ಯಾರ ವಾಯಿದೆ ಎಂದು ಮುಗಿಯುವುದೋ ಅಂದು ಹೋಗುತ್ತೇವೆ. ನಂಬಿಕೆ ಬಲಿತಂತೆ ವಾಯಿದೆ ಹೆಚ್ಚಿಸುತ್ತೇವೆ, ಒಮ್ಮೆ ತಪ್ಪಿದರೆ ಮತ್ತೆ ಮೊಟಕುಗೊಳಿಸುತ್ತೇವೆ. ತಂತ್ರಾಂಶವು ಕಾರ್ಡುಗಳೊಡನೆ ನಡೆದುಕೊಳ್ಳುವುದು ಹೀಗೆಯೇ.

1987ರ ಮೂಲ ಸೂತ್ರದಂತೆ ಹೊಸ ಪದವನ್ನು ಒಂದು ದಿನದ ಮೇಲೆ ಕೇಳಲಾಗುತ್ತದೆ, ನಂತರ 6 ದಿನಗಳ ಮೇಲೆ. ಆಮೇಲೆ ಪ್ರತಿ ಬಾರಿಯೂ ಹಿಂದಿನ ಅಂತರದ ಎರಡೂವರೆ ಪಟ್ಟು. ಅಂದರೆ 15, 38, 95, 238 ದಿನಗಳು. ಇವೆಲ್ಲವನ್ನೂ ಕೂಡಿದರೆ 393 ದಿನ. ಪ್ರತಿ ಸಲವೂ ಸರಿಯುತ್ತರ ಬಂದ ಪದವೊಂದನ್ನು ಹದಿಮೂರು ತಿಂಗಳ ಕಾಲ ಉಳಿಸಿಕೊಳ್ಳಲು ಕೇವಲ ಆರು ಪುನರಾವರ್ತನೆಗಳು ಸಾಕಾದವು. 2023ರಿಂದ ಆಂಕಿಯಲ್ಲಿ ಇನ್ನೂ ಸೂಕ್ಷ್ಮವಾದ ವಿಧಾನ ಲಭ್ಯವಿದ್ದು, ಕಲಿಯುವವನ ಹಿಂದಿನ ಉತ್ತರಗಳನ್ನೇ ಆಧರಿಸಿ ಅಂತರ ನಿರ್ಧಾರವಾಗುತ್ತದೆ. ಆದರೆ ತತ್ತ್ವ ಅದೇ.

ಈಗ ದಿನದ ಹೊರೆಯನ್ನು ನೋಡೋಣ. ದಿನಕ್ಕೆ 10 ಹೊಸ ಕಾರ್ಡು ಸೇರಿಸುತ್ತಾ ಹೋದರೆ, ಐದು ತಿಂಗಳು ಕಳೆಯುವಷ್ಟರಲ್ಲಿ ಐದು ಹಿಂದಿನ ದಿನಾಂಕಗಳ ಹತ್ತು ಹತ್ತು ಕಾರ್ಡುಗಳು ಪ್ರತಿದಿನ ಬಾಕಿಗೆ ಬರುತ್ತವೆ. ಒಟ್ಟು 50. ಹೊಸ ಹತ್ತು, ತಪ್ಪಿ ಮರಳಿ ಬಂದವು ಎಲ್ಲ ಸೇರಿ 80 ಎನ್ನಿ. ಒಂದಕ್ಕೆ ಹತ್ತು ಸೆಕೆಂಡಿನಂತೆ ಹದಿಮೂರು, ಹದಿನಾಲ್ಕು ನಿಮಿಷ. ಈ ವೇಗದಲ್ಲಿ ಹಳೆಯ ಮಾನದಂಡದ ಕೆಳಗಿನ ಹಂತದ 900 ಕಾರ್ಡುಗಳು ಮೂರು ತಿಂಗಳಲ್ಲಿ, ಅದರ ಮೇಲಿನ ಹಂತದ 1800 ಕಾರ್ಡುಗಳು ಆರು ತಿಂಗಳಲ್ಲಿ ಒಂದು ಸುತ್ತು ಪರಿಚಯವಾಗುತ್ತವೆ.

ತಂತ್ರಾಂಶ ತಾನಾಗಿ ಇಡುವ ಮಿತಿ ದಿನಕ್ಕೆ 20 ಹೊಸ ಕಾರ್ಡು. ಪಾಳಿಯಲ್ಲಿ ದುಡಿಯುವ ಮನುಷ್ಯನಿಗೆ ಅದು ಹೆಚ್ಚೆಂದೇ ನನ್ನ ಅಭಿಪ್ರಾಯ. ಹೊಸ ಕಾರ್ಡು ಸೇರಿಸುವುದು ಸಾಲದ ಮೇಲೆ ಮಾಲು ಮಾರಿದಂತೆ, ಆ ದಿನ ವಹಿವಾಟು ದೊಡ್ಡದಾಗಿ ಕಾಣುತ್ತದೆ, ವಸೂಲಿಯ ಕಷ್ಟ ಮುಂದಿನ ತಿಂಗಳು ತಿಳಿಯುತ್ತದೆ. ಮೊದಲ ವಾರದ ಹುರುಪಿನಲ್ಲಿ ದಿನಕ್ಕೆ ಐವತ್ತು ಸೇರಿಸಿಕೊಂಡವರು ಎರಡನೆಯ ತಿಂಗಳಿಗೆ ಕೈಬಿಡುವುದೇ ಹೆಚ್ಚು. ಹತ್ತು ದಿನ ಊರಿಗೆ ಹೋಗಿ ಬಂದರೆ 500 ಕಾರ್ಡು ಬಾಕಿ ನಿಂತಿರುತ್ತವೆ. ಆಗ ಹೊಸದನ್ನು ಪೂರ್ತಿ ನಿಲ್ಲಿಸಿ, ದಿನಕ್ಕೆ ನೂರರಂತೆ ತೀರಿಸತಕ್ಕದ್ದು. ದಿನದ ಐವತ್ತು ಹೋಗಿ ಐವತ್ತು ಹಳೆಯ ಬಾಕಿ ಇಳಿಯುವುದರಿಂದ ಇನ್ನು ಹತ್ತು ದಿನಕ್ಕೆ ಲೆಕ್ಕ ಸಮವಾಗುತ್ತದೆ.

ಕಾರ್ಡಿನಲ್ಲಿ ಏನಿರಬೇಕು?

ಸಿದ್ಧ ಕಾರ್ಡುಗಳ ಕಟ್ಟುಗಳು ಉಚಿತವಾಗಿ ದೊರೆಯುತ್ತವೆ. ಪರೀಕ್ಷೆಗೆ ಅವು ಸಾಕು. ಆದರೆ ಅವುಗಳಲ್ಲಿ ಬೆಕ್ಕು, ಛತ್ರಿ, ಗ್ರಂಥಾಲಯಗಳಿರುತ್ತವೆಯೇ ಹೊರತು ನಮಗೆ ಬೇಕಾದ ಪದಗಳು ಕಡಿಮೆ. ಕಾರ್ಖಾನೆಗೆ ಬೇಕಾದ ಇನ್ನೂರು ಮುನ್ನೂರು ಪದಗಳ ಕಟ್ಟನ್ನು ಘಟಕವೇ ತಯಾರಿಸಿಕೊಳ್ಳುವುದು ಲೇಸು. ನಕ್ಷೆಗೆ ‘ಜ಼ುಮೆನ್’, ತಪಾಸಣೆಗೆ ‘ಕೆನ್ಸ’, ಅನುಮತಿಸಿದ ಅಳತೆಯ ವ್ಯತ್ಯಾಸಕ್ಕೆ ‘ಕೋಸ’, ಅಂಚು ಕೊರೆಯುವ ಚಾಂಫರಿಗೆ ‘ಮೆಂತೊರಿ’, ಉಕ್ಕನ್ನು ಕಾಯಿಸಿ ಹದಗೊಳಿಸುವುದಕ್ಕೆ ‘ಯಕಿಇರೆ’, ದೋಷಯುಕ್ತ ಮಾಲಿಗೆ ‘ಫುರ್ಯೋ’, ಮಾಲು ಒಪ್ಪಿಸಬೇಕಾದ ದಿನಕ್ಕೆ ‘ನೋಕಿ’. ಕಚೇರಿಯಲ್ಲಿ ಕೊಟೇಶನ್ನಿಗೆ ‘ಮಿತ್ಸುಮೊರಿ’, ದಾಸ್ತಾನಿಗೆ ‘ಜ಼ೈಕೊ’, ಬಿಲ್ಲಿಗೆ ‘ಸೇಕ್ಯೂಶೊ’, ವಾರ್ಷಿಕ ಲೆಕ್ಕ ಮುಕ್ತಾಯಕ್ಕೆ ‘ಕೆಸ್ಸನ್’. ಜಪಾನಿನ ಬಹುತೇಕ ಕಂಪೆನಿಗಳ ಕೆಸ್ಸನ್ ನಮ್ಮಂತೆಯೇ ಮಾರ್ಚ್ ಕೊನೆಗೆ ಬರುತ್ತದೆ. ಅಲ್ಲಿ ತಿಂಗಳ ಕೊನೆಗೆ ಬಿಲ್ಲು ಕಟ್ಟಿ ಮುಂದಿನ ತಿಂಗಳ ಕೊನೆಗೆ ಹಣ ಪಾವತಿಸುವ ರೂಢಿ ವ್ಯಾಪಕವಾಗಿದ್ದು, ಲೆಕ್ಕ ಕಟ್ಟುವ ದಿನಕ್ಕೆ ‘ಶಿಮೆಬಿ’ ಎನ್ನುತ್ತಾರೆ. ನಗದು ಹರಿವಿನ ಚಿಂತೆಯುಳ್ಳವರು ಮೊದಲು ಕಲಿಯಬೇಕಾದ ಪದಗಳಲ್ಲಿ ಇದೂ ಒಂದು.

ಕಾಂಜಿಯನ್ನು ಬಿಟ್ಟು ಉಚ್ಚಾರಣೆಯನ್ನಷ್ಟೇ ಕಲಿತರೆ ಸಾಲದೆ ಎಂದು ಕೇಳುವವರುಂಟು. ‘ಸೇಸನ್’ ಎಂಬ ಪದವನ್ನು ತೆಗೆದುಕೊಳ್ಳಿ. ಒಂದು ಬಗೆಯ ಕಾಂಜಿಯಲ್ಲಿ ಬರೆದರೆ ಉತ್ಪಾದನೆ. ಇನ್ನೊಂದರಲ್ಲಿ ಖರ್ಚುವೆಚ್ಚದ ಲೆಕ್ಕ ಚುಕ್ತಾ. ಮೂರನೆಯದರಲ್ಲಿ ಕಂಪೆನಿಯ ಸಮಾಪನೆ! ಉತ್ಪಾದನಾ ಸಭೆಗೆ ಕರೆ ಬಂದಿದೆಯೋ, ಗ್ರಾಹಕನ ಕಂಪೆನಿ ಮುಚ್ಚುತ್ತಿದೆಯೋ ಎಂಬುದನ್ನು ಕಾಗದದ ಮೇಲೆ ಅಕ್ಷರವೇ ಹೇಳಬೇಕು. ಆದುದರಿಂದ ಕಾರ್ಡಿನ ಮುಂಬದಿಗೆ ನಕ್ಷೆಯಲ್ಲಿ ಇದ್ದಂತೆಯೇ ಕಾಂಜಿ, ಹಿಂಬದಿಗೆ ಉಚ್ಚಾರಣೆ, ಕನ್ನಡದ ಅರ್ಥ ಮತ್ತು ಒಂದು ಚಿಕ್ಕ ವಾಕ್ಯ ಇರತಕ್ಕದ್ದು.

ಉಚ್ಚಾರಣೆಯನ್ನು ರೋಮನ್ ಅಕ್ಷರದ ಬದಲು ಕನ್ನಡದಲ್ಲಿ ಬರೆದುಕೊಂಡರೆ ದೀರ್ಘ, ಒತ್ತು ತಪ್ಪುವುದಿಲ್ಲ. ರೋಮನ್ ಲಿಪಿಯ ‘ಟಿ’ಯನ್ನು ಕಂಡು ನಮ್ಮವರು ‘ಟ’ ಎಂದುಬಿಡುತ್ತಾರೆ, ಜಪಾನಿಯರದು ‘ತ’. ಕನ್ನಡಕ್ಕೂ ಒಂದು ಮಿತಿಯುಂಟು. ‘ಜ಼ೈಕೊ’ದ ಮೊದಲ ಧ್ವನಿಗೆ ನಮ್ಮಲ್ಲಿ ಸ್ವಂತ ಅಕ್ಷರವಿಲ್ಲ, ಕೆಳಗೆ ಎರಡು ಚುಕ್ಕೆಯಿಟ್ಟು ಗುರುತಿಸಬೇಕು. ಕಾರ್ಡಿಗೆ ಧ್ವನಿಮುದ್ರಣ ಜೋಡಿಸುವ ಸೌಲಭ್ಯವೂ ಇರುವುದರಿಂದ ತರಗತಿಯ ಅಧ್ಯಾಪಕರ ಬಾಯಲ್ಲಿ ಒಮ್ಮೆ ಹೇಳಿಸಿ ಸೇರಿಸಿಕೊಂಡರೆ ಸಂದೇಹವೇ ಉಳಿಯದು.

ತರಗತಿಗಳಲ್ಲಿ ಹಿರಗಾನವನ್ನು ಮೊದಲು ಕಲಿಸುವುದು ವಾಡಿಕೆ. ಯಂತ್ರದ ಮುಂದೆ ನಿಲ್ಲುವವನಿಗೆ ಕತಕಾನವೇ ಮೊದಲು ಫಲ ಕೊಡುತ್ತದೆ. ಏಕೆಂದರೆ ಹೊರಭಾಷೆಯಿಂದ ಬಂದ ಪದಗಳನ್ನು ಅದರಲ್ಲಿಯೇ ಬರೆಯುತ್ತಾರೆ. ‘ಮೋತಾ’ ಎಂದರೆ ಮೋಟಾರು, ‘ಬೆಅರಿಂಗು’ ಎಂದರೆ ಬೇರಿಂಗು, ‘ಬೊರುತೊ’ ಎಂದರೆ ಬೋಲ್ಟು. 46 ಕಾರ್ಡು ಕಲಿತ ಮಾತ್ರಕ್ಕೆ ಬಿಡಿಭಾಗಗಳ ಪಟ್ಟಿಯ ಎಷ್ಟೋ ಸಾಲುಗಳು ತಾವಾಗಿ ಬಾಯ್ಬಿಡುತ್ತವೆ.

ಯಾವ ಯಂತ್ರ, ಎಲ್ಲಿ ಬಳಕೆ?

ಕಾರ್ಡು ತಯಾರಿಸಲು ಕೀಲಿಮಣೆಯುಳ್ಳ ಒಂದು ಲ್ಯಾಪ್‌ಟಾಪ್, ಓದಲು ಫೋನು: ಇದಕ್ಕಿಂತ ಹೆಚ್ಚಿನದು ಅನಗತ್ಯ. ವಿಂಡೋಸಿನಲ್ಲಿ ಜಪಾನಿ ಕೀಲಿಮಣೆಯನ್ನು ಹೆಚ್ಚಿನ ಖರ್ಚಿಲ್ಲದೆ ಸೇರಿಸಿಕೊಳ್ಳಬಹುದು. ರೋಮನ್ನಿನಲ್ಲಿ ಹೊಡೆದರೆ ಜಪಾನಿ ಅಕ್ಷರ ಮೂಡುವ ಕ್ರಮವು ‘ಬರಹ’ ತಂತ್ರಾಂಶ ಬಳಸಿದವರಿಗೆ ಹೊಸದೆನಿಸದು. ಕಪಾಟಿನಲ್ಲಿರುವ ಹಳೆಯ ನೆಟ್‌ಬುಕ್ಕನ್ನು ಇದಕ್ಕೆ ಬಳಸೋಣವೆಂದರೆ, 32 ಬಿಟ್ಟಿನ ಯಂತ್ರಗಳಲ್ಲಿ ಆಂಕಿಯ ಹೊಸ ಆವೃತ್ತಿಗಳು ನಡೆಯುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಲೆಕ್ಕಪತ್ರವಿರುವ ಜಾಲಕ್ಕೆ ಅಂಥ ಯಂತ್ರವನ್ನು ಜೋಡಿಸಬೇಡಿ.

ಕಂಪ್ಯೂಟರಿನ ಆವೃತ್ತಿಯೂ ಆಂಡ್ರಾಯ್ಡಿನ ‘ಆಂಕಿಡ್ರಾಯ್ಡ್’ ಕೂಡ ಉಚಿತ. ಐಫೋನಿನದಕ್ಕೆ ಒಮ್ಮೆ ಹಣ ತೆರಬೇಕು. ಹೆಸರು ಹೋಲುವ ಬೇರೆ ಆ್ಯಪ್‌ಗಳು ಚಂದಾ ಕೇಳುತ್ತವೆ, ನೋಡಿ ಇಳಿಸಿಕೊಳ್ಳಿ. ಒಮ್ಮೆ ತುಂಬಿದ ಮೇಲೆ ಓದಲು ಇಂಟರ್‌ನೆಟ್ ಬೇಕಾಗಿಲ್ಲವಾದ್ದರಿಂದ ಬಿಡದಿಯ ಬಸ್ಸಿನಲ್ಲಿ ಸಿಗ್ನಲ್ ಹೋದರೂ ಅಡ್ಡಿಯಿಲ್ಲ. ಕ್ಯಾಮೆರಾ ಇರುವ ಫೋನನ್ನು ಒಳಗೆ ಬಿಡದ ಕಾರ್ಖಾನೆಗಳಿರುವುದರಿಂದ ಓದು ಗೇಟಿನ ಹೊರಗೇ ಮುಗಿಯಬೇಕು. ಇನ್ನೊಂದು ಎಚ್ಚರಿಕೆ: ಕಾರ್ಡಿಗೆ ಪದವನ್ನು ಬರೆದುಕೊಳ್ಳಿ, ಗ್ರಾಹಕರ ನಕ್ಷೆಯ ಛಾಯಾಚಿತ್ರವನ್ನು ಸೇರಿಸಬೇಡಿ. ಗೌಪ್ಯತೆಯ ಕರಾರಿಗೆ ಸಹಿ ಹಾಕಿದ ಘಟಕದ ನಕ್ಷೆ ನೌಕರನ ಖಾಸಗಿ ಫೋನಿನಲ್ಲಿ ಸಿಕ್ಕರೆ ಆಗುವ ನಷ್ಟ ಬರ್ ಉಳಿದ ಮಾಲಿನದಕ್ಕಿಂತ ದೊಡ್ಡದು.

ಈ ವಿಧಾನದಿಂದ ಬಾಯಿ ತಿರುಗುವುದಿಲ್ಲ ಎಂಬುದನ್ನೂ ಹೇಳಬೇಕು. ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರಗಳಂದು ನಡೆಯುವ ಪ್ರಾವೀಣ್ಯ ಪರೀಕ್ಷೆಗೆ ಬೆಂಗಳೂರಿನಲ್ಲಿಯೂ ಕೇಂದ್ರವಿದೆ. ಅದರಲ್ಲಿ ಓದುವ, ಕೇಳುವ ಪರೀಕ್ಷೆಗಳಿವೆಯೇ ಹೊರತು ಮಾತನಾಡುವ ಭಾಗವಿಲ್ಲ. ಪ್ರಮಾಣಪತ್ರವನ್ನು ಮಾತ್ರ ನೋಡಿ ಒಬ್ಬರನ್ನು ದುಭಾಷಿಯಾಗಿ ನೇಮಿಸಿಕೊಳ್ಳುವವರು ಇದನ್ನು ಗಮನದಲ್ಲಿಡಬೇಕು. ತರಗತಿಯನ್ನು ಬಿಡಿಸಿ ಫೋನು ಕೊಡಿಸುವುದು ಸಲ್ಲದು. ತರಗತಿಯಲ್ಲಿ ಕಲಿತದ್ದನ್ನು ಉಳಿಸಿಕೊಳ್ಳಲು ಫೋನು.

ಲೆಕ್ಕದ ದೃಷ್ಟಿಯಿಂದ

ಘಟಕದ ಹೆಸರಿನಲ್ಲಿ ಕೊಂಡ ಲ್ಯಾಪ್‌ಟಾಪ್ ಸ್ಥಿರಾಸ್ತಿಯಾಗಿ ದಾಖಲಾಗಬೇಕು. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿನ ಸವಕಳಿ ಶೇ. 40, ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ನೋಂದಾಯಿತ ಘಟಕವು ತನ್ನ ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲು ಪಡೆದು, ವ್ಯವಹಾರದ ಬಳಕೆಗೆ ಇಟ್ಟುಕೊಂಡಲ್ಲಿ, ತೆತ್ತ ಶೇ. 18ರ ತೆರಿಗೆಗೆ ನಿಯಮಾನುಸಾರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಸವಕಳಿಯನ್ನು ಆಗ ತೆರಿಗೆ ಬಿಟ್ಟ ಬೆಲೆಯ ಮೇಲೆ ಮಾತ್ರ ಹಾಕತಕ್ಕದ್ದು. ನೌಕರನ ತರಗತಿ ಮತ್ತು ಪರೀಕ್ಷಾ ಶುಲ್ಕವು ಗ್ರಾಹಕರ ವ್ಯವಹಾರಕ್ಕೆ ಅಗತ್ಯವೆಂದು ತೋರಿಸುವ ಒಂದು ಪುಟದ ಆದೇಶ ಕಡತದಲ್ಲಿರಲಿ. ಮಾಲೀಕರ ಮಗ ಉನ್ನತ ವ್ಯಾಸಂಗಕ್ಕೆ ಜಪಾನಿಗೆ ಹೋಗಲು ಕಲಿಯುತ್ತಿದ್ದರೆ ಅದು ಘಟಕದ ಖರ್ಚಲ್ಲ. ಈ ಪ್ರಶ್ನೆ ನನ್ನ ಮೇಜಿನ ಮುಂದೆ ಬಂದಿರುವುದರಿಂದ ಹೇಳುತ್ತಿದ್ದೇನೆ.

ಕಲಿತ ನೌಕರ ಬಿಟ್ಟು ಹೋದರೆ ಎಂಬ ಭಯ ಸಹಜ. ತರಬೇತಿಯ ನಂತರ ಇಷ್ಟು ಕಾಲ ಸೇವೆ ಸಲ್ಲಿಸಬೇಕು, ಇಲ್ಲವಾದಲ್ಲಿ ಇಷ್ಟು ಹಣ ತುಂಬಬೇಕು ಎಂಬ ಕರಾರನ್ನು ನ್ಯಾಯಾಲಯಗಳು ಪೂರ್ಣವಾಗಿ ತಳ್ಳಿಹಾಕಿಲ್ಲ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಮೂರು ವರ್ಷದ ಸೇವೆ ಹಾಗೂ 2 ಲಕ್ಷ ರೂಪಾಯಿಯ ಷರತ್ತನ್ನು ಎತ್ತಿಹಿಡಿಯಿತು. ಅದು ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿ ವೆಚ್ಚದ ಸಂದರ್ಭ. ಹತ್ತಾರು ಸಾವಿರದ ತರಗತಿಗೆ ಲಕ್ಷಗಟ್ಟಲೆ ದಂಡ ಬರೆದುಕೊಂಡರೆ ನಿಲ್ಲುವುದೆಂದು ಭಾವಿಸಬಾರದು. ನೈಜ ಖರ್ಚಿನಷ್ಟನ್ನು, ಸೇವೆ ಮುಂದುವರಿದಂತೆ ಇಳಿಯುವ ಕ್ರಮದಲ್ಲಿ ಬರೆದುಕೊಳ್ಳುವುದು ಸೂಕ್ತ.

ಆ ನೌಕರನೊಡನೆ ಹೋಗದೆ ಘಟಕದಲ್ಲಿಯೇ ಉಳಿಯಬಲ್ಲ ವಸ್ತುವೊಂದಿದೆ, ಅದು ಕಾರ್ಡುಗಳ ಕಟ್ಟು. ಪ್ರತಿ ತಿಂಗಳ ಕೊನೆಗೆ ಟ್ಯಾಲಿಯ ಬ್ಯಾಕಪ್ ತೆಗೆಯುವ ದಿನವೇ ಇದನ್ನೂ ಕಡತವಾಗಿ ಹೊರತೆಗೆದು ಕಚೇರಿಯ ಕಂಪ್ಯೂಟರಿನಲ್ಲಿ ಇರಿಸಿಕೊಳ್ಳಿ. ಹೊಸದಾಗಿ ಸೇರಿದವನಿಗೆ ಅದನ್ನು ಕೊಡುವಾಗ, ಪುನರಾವರ್ತನೆಯ ವೇಳಾಪಟ್ಟಿಯನ್ನು ಬಿಟ್ಟು ಕಾರ್ಡುಗಳನ್ನಷ್ಟೇ ಹೊರತೆಗೆಯುವ ಆಯ್ಕೆಯನ್ನು ಬಳಸಬೇಕು. ಇಲ್ಲವಾದಲ್ಲಿ ಹಿಂದಿನವನು ಚೆನ್ನಾಗಿ ಬಲ್ಲನೆಂದು ಎಂಟು ತಿಂಗಳು ಮುಂದಕ್ಕೆ ಹೋಗಿರುವ ‘ಬರಿ ನಕಿ ಕೊತೊ’ ಹೊಸಬನಿಗೆ ಎಂಟು ತಿಂಗಳ ಮೇಲೆಯೇ ಕಾಣಿಸಿಕೊಳ್ಳುತ್ತದೆ.